ಬರವಣಿಗೆ ಪದವಿಗೆ 6 ಲಕ್ಷ ಸಾಲ ಮಾಡಬಹುದಾ, ಹಾಸನದಲ್ಲೇ ಓದಿಸಿದರೆ ಸಾಕಾ?

ಸಕಲೇಶಪುರದ ಅಮ್ಮ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಒಳ್ಳೆ ಅಂಕ ತೆಗೆದಿದ್ದಾಳೆ. ಅವಳಿಗೆ ಬರೆಯುವುದೆಂದರೆ ಪ್ರಾಣ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯುತ್ತಾಳೆ. ಮುಂದೆಯೂ ಅದನ್ನೇ ಓದುತ್ತೇನೆ ಅನ್ನುತ್ತಾಳೆ.

ಬೆಂಗಳೂರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಸೃಜನಶೀಲ ಬರವಣಿಗೆ, ಪತ್ರಿಕೋದ್ಯಮ ಎರಡೂ ಸೇರಿದ ಬಿಎ ಇದೆ. ಸೀಟು ಸಿಗುತ್ತದೆ. ಶುಲ್ಕ ವರ್ಷಕ್ಕೆ 2 ಲಕ್ಷ. ಪಿಜಿ ಬಾಡಿಗೆ, ಊಟ ಬೇರೆ. ಇನ್ನೊಂದು ದಾರಿ ಹಾಸನದ ಸರ್ಕಾರಿ ಕಲಾ ಕಾಲೇಜು. ಅಲ್ಲಿಯ ಶುಲ್ಕ ನಮಗೆ ಭಾರವೇ ಅಲ್ಲ. ಮನೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದು.

ನಮ್ಮದು ಎರಡೂವರೆ ಎಕರೆ ಕಾಫಿ, ಜೊತೆಗೆ ಮೆಣಸು. ಈಚೆಗೆ ಕಾಫಿಗೆ ಒಳ್ಳೆ ರೇಟು ಬಂತು, ನಿಜ. ಆದರೆ ಆ ರೇಟು ನಂಬಿಕೊಂಡು ಮೂರು ವರ್ಷದ ಶುಲ್ಕಕ್ಕೆ ಹ್ಞೂಂ ಅನ್ನುವ ಧೈರ್ಯ ಯಜಮಾನರಿಗಿಲ್ಲ. ಹಾಗಾಗಿ ಬೆಂಗಳೂರಾದರೆ ಸಾಲವೇ ಗತಿ.

"ಬರೆಯೋದಕ್ಕೂ ಡಿಗ್ರಿ ಬೇಕಾ, ಬಿಕಾಂ ಹಾಕು" ಅಂತ ನೆಂಟರು ಹೇಳುತ್ತಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಮಗಳು ಇಷ್ಟಪಟ್ಟಿದ್ದನ್ನೇ ಓದಲಿ. ನನ್ನ ಪ್ರಶ್ನೆ ದುಡ್ಡಿನದ್ದು ಮಾತ್ರ. ಈ ಪದವಿಗೆ 6 ಲಕ್ಷ ಹಾಕಿದರೆ ಅದು ವಾಪಸ್ ಬರುತ್ತದಾ? ಎಷ್ಟು ವರ್ಷದಲ್ಲಿ? ಈ ದಾರಿಯಲ್ಲಿ ಹೋದವರು ಯಾರಾದರೂ ಇದ್ದರೆ ದಯವಿಟ್ಟು ಬಿಡಿಸಿ ಹೇಳಿ.

ಬ್ಯಾಂಕ್ ಕೌಂಟರ್, ಹಾಸನ

ಮೇಡಂ, ನಾನು ಬ್ಯಾಂಕಿನಲ್ಲಿ ಶಿಕ್ಷಣ ಸಾಲದ ಕಡತ ನೋಡುವವನು. ಲೆಕ್ಕ ಹಾಕಿ ಕೊಡುತ್ತೇನೆ, ತೀರ್ಮಾನ ನಿಮ್ಮದು.

ವರ್ಷಕ್ಕೆ 2 ಲಕ್ಷದಂತೆ ಮೂರು ವರ್ಷ ಸಾಲ ತೆಗೆದಿರಿ ಅಂದುಕೊಳ್ಳಿ. ಬಡ್ಡಿ 10% ಅಂತ ಇಟ್ಟುಕೊಳ್ಳೋಣ. ಓದುವ ಮೂರು ವರ್ಷ, ಆಮೇಲೆ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಕಂತು ಇಲ್ಲ ಅಂದರೆ ಬಡ್ಡಿಯೂ ಇಲ್ಲ ಅಂತ ತುಂಬಾ ಜನ ತಿಳಿದಿರುತ್ತಾರೆ. ಹಾಗಲ್ಲ. ಮೊದಲ ವರ್ಷದ 2 ಲಕ್ಷಕ್ಕೆ ನಾಲ್ಕು ವರ್ಷ, ಎರಡನೆಯದಕ್ಕೆ ಮೂರು, ಮೂರನೆಯದಕ್ಕೆ ಎರಡು ವರ್ಷ ಬಡ್ಡಿ ಓಡುತ್ತಲೇ ಇರುತ್ತದೆ. ಸರಳ ಬಡ್ಡಿ ಹಾಕಿದರೂ 80 + 60 + 40, ಒಟ್ಟು 1 ಲಕ್ಷ 80 ಸಾವಿರ ಆಯಿತು. ಕಂತು ಶುರುವಾಗುವ ದಿನ ನಿಮ್ಮ ಸಾಲ 7 ಲಕ್ಷ 80 ಸಾವಿರ.

ಅದನ್ನು 7 ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 12,950 ರೂಪಾಯಿ ಕಟ್ಟಬೇಕು. ಕೊನೆಗೆ ಕಟ್ಟಿದ್ದು ಹತ್ತಿರ ಹತ್ತಿರ 10 ಲಕ್ಷ 88 ಸಾವಿರ. ಓದುವಾಗಲೇ ಬಡ್ಡಿ ಕಟ್ಟಿಕೊಂಡು ಬಂದರೆ ಕಂತು 9,960ಕ್ಕೆ ಇಳಿಯುತ್ತದೆ. ಇದರಲ್ಲಿ ಪಿಜಿ ಬಾಡಿಗೆ ಸೇರಿಲ್ಲ.

ಇನ್ನೆರಡು ವಿಷಯ. 7.5 ಲಕ್ಷದವರೆಗೆ ಸಾಮಾನ್ಯವಾಗಿ ಆಸ್ತಿ ಅಡ ಇಡಬೇಕಾಗಿಲ್ಲ. ತೋಟದ ಪತ್ರ ತರಲು ಯಾರಾದರೂ ಹೇಳಿದರೆ ಯಾಕೆ ಅಂತ ಕೇಳಿ. ಶಿಕ್ಷಣ ಸಾಲದ ಬಡ್ಡಿಗೆ ಆದಾಯ ತೆರಿಗೆ ವಿನಾಯಿತಿ ಸಿಗುತ್ತದೆ ಅಂತ ಏಜೆಂಟರು ಹೇಳುತ್ತಾರಲ್ವಾ, ಕೃಷಿ ಆದಾಯಕ್ಕೆ ಆದಾಯ ತೆರಿಗೆಯೇ ಇಲ್ಲದ ಮೇಲೆ ನಿಮಗೆ ಅದರಿಂದ ಏನೂ ಉಳಿಯುವುದಿಲ್ಲ. ಮಗಳು ಮುಂದೆ ತಾನೇ ದುಡಿದು ಬಡ್ಡಿ ಕಟ್ಟಿದರೆ, ಅದೂ ಹಳೆ ತೆರಿಗೆ ಪದ್ಧತಿಯಲ್ಲಿದ್ದರೆ ಮಾತ್ರ ಲಾಭ.

ಪಿಎಂ ವಿದ್ಯಾಲಕ್ಷ್ಮಿ ಅಂತ 2024ರಲ್ಲಿ ಬಂದ ಯೋಜನೆ ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವ ಮೊದಲಿನ ಅವಧಿಯ ಬಡ್ಡಿ ದರದಲ್ಲಿ 3% ಕೇಂದ್ರ ಸರ್ಕಾರ ಭರಿಸುತ್ತದೆ. ಆದರೆ ಕಾಲೇಜು ಅವರ ಪಟ್ಟಿಯಲ್ಲಿರಬೇಕು. ಅರ್ಜಿ ಹಾಕುವ ಮೊದಲು ಪಟ್ಟಿ ನೋಡಿ.

ಹೇಮಗಂಗೋತ್ರಿ ಹಳೆಯ ವಿದ್ಯಾರ್ಥಿನಿ

ಅಕ್ಕ, ನಾನು ಹೇಮಗಂಗೋತ್ರಿಯಲ್ಲಿ ಕನ್ನಡ ಎಂಎ ಮಾಡಿದವಳು. ನಾವು ಓದುವಾಗ ಅದು ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. 2023ರಲ್ಲಿ ಹಾಸನ ವಿಶ್ವವಿದ್ಯಾಲಯವೇ ಆಯಿತು. 2025ರಲ್ಲಿ ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತು ಎದ್ದಾಗ ನಮಗೆಲ್ಲ ತುಂಬಾ ನೋವಾಯಿತು. ಹಳ್ಳಿ ಹುಡುಗಿಯರು ಮನೆಯಿಂದ ಓಡಾಡಿಕೊಂಡು ಎಂಎ ಮಾಡುವ ಜಾಗ ಅದು. ಬೋರ್ಡಿನ ಮೇಲೆ ಯಾವ ಹೆಸರಾದರೂ ಇರಲಿ, ತರಗತಿ ಹಾಸನದಲ್ಲೇ ಉಳಿಯಬೇಕು.

ಈಗ ನಾನು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಈ ದಾರಿಯ ದುಡ್ಡು ಎಷ್ಟು ಅಂತ ಹೇಳುತ್ತೇನೆ.

ನಮಗೆ ಮೊದಲು 11, 13 ಸಾವಿರ ಕೊಡುತ್ತಿದ್ದರು. 2022ರಲ್ಲಿ 26ರಿಂದ 32 ಸಾವಿರಕ್ಕೆ ಏರಿತು. 2024ರಲ್ಲಿ ಅನುಭವ ನೋಡಿ 5ರಿಂದ 8 ಸಾವಿರ ಸೇರಿಸಿದರು. ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ ಹೇಳಿದ ಅರ್ಹತೆ ಇದ್ದು ತುಂಬಾ ವರ್ಷ ಸೇವೆ ಆದವರಿಗೆ 40 ಸಾವಿರದವರೆಗೆ ಬರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಪ್ರತಿ ವರ್ಷ ಮತ್ತೆ ಕೌನ್ಸೆಲಿಂಗ್. ಈ ವರ್ಷ ಇದ್ದ ಕಾಲೇಜು ಮುಂದಿನ ವರ್ಷ ಇರುತ್ತದೆ ಅನ್ನುವ ಹಾಗಿಲ್ಲ. ಕಾಯಂ ಸಹಾಯಕ ಪ್ರಾಧ್ಯಾಪಕರಾದರೆ ಯುಜಿಸಿ ಶ್ರೇಣಿಯಲ್ಲಿ ಆರಂಭದ ಮೂಲ ವೇತನವೇ 57,700. ಆದರೆ ಅಧಿಸೂಚನೆ ಅಪರೂಪ. 2021ರಲ್ಲಿ 1,242 ಹುದ್ದೆಗೆ ಅರ್ಜಿ ಕರೆದರು, 2022ರಲ್ಲಿ ಪರೀಕ್ಷೆ ನಡೆಯಿತು. ಆದೇಶ ಕೈಗೆ ಬರುವ ಹೊತ್ತಿಗೆ ಮತ್ತೆ ವರ್ಷಗಳು ಕಳೆದಿದ್ದವು.

ಆದರೆ ಯಾರೂ ಹೇಳದ ಒಂದು ದಾರಿ ಇದೆ. ಯುಜಿಸಿಯ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಎನ್‌ಇಟಿಯಲ್ಲಿ ಜೆಆರ್‌ಎಫ್ ಅನ್ನುವ ಸಂಶೋಧನಾ ಫೆಲೋಶಿಪ್ ಸಿಕ್ಕಿತು ಅಂದರೆ ಪಿಎಚ್‌ಡಿ ಮಾಡುತ್ತಾ ತಿಂಗಳಿಗೆ 37 ಸಾವಿರ ಬರುತ್ತದೆ. ಎರಡು ವರ್ಷ ಆದಮೇಲೆ 42 ಸಾವಿರ. ಮನೆ ಬಾಡಿಗೆ ಭತ್ಯೆ ಬೇರೆ. ಒಟ್ಟು ಐದು ವರ್ಷ. ಕನ್ನಡದಲ್ಲೂ ಇದೆ, ಇಂಗ್ಲಿಷಿನಲ್ಲೂ ಇದೆ, ಪತ್ರಿಕೋದ್ಯಮದಲ್ಲೂ ಇದೆ. ಎಂಎಯಲ್ಲಿ 55% ಬೇಕು, ಮೀಸಲಾತಿ ಇದ್ದರೆ 50%. ವಯಸ್ಸು 30ರ ಒಳಗಿರಬೇಕು, ಹೆಣ್ಣುಮಕ್ಕಳಿಗೆ 5 ವರ್ಷ ಸಡಿಲಿಕೆ ಇದೆ. ಈ ಪರೀಕ್ಷೆಗೆ ಬಿಎ ಎಲ್ಲಿ ಮಾಡಿದ್ದೀರಿ ಅಂತ ಯಾರೂ ಕೇಳುವುದಿಲ್ಲ. 6 ಲಕ್ಷ ಕೊಟ್ಟು ಓದಿದವಳೂ, ಹಾಸನದಲ್ಲಿ ಓದಿದವಳೂ ಒಂದೇ ಪ್ರಶ್ನೆ ಪತ್ರಿಕೆ ಬರೆಯುತ್ತಾರೆ.

ಮೊದಲನೇ ವರ್ಷದಿಂದಲೇ ಐಚ್ಛಿಕ ಕನ್ನಡ, ಐಚ್ಛಿಕ ಇಂಗ್ಲಿಷ್ ಎರಡೂ ಸಿಗುವ ಹಾಗೆ ನೋಡಿಕೊಳ್ಳಿ. ಆಮೇಲೆ ಬಿಎಡ್ ಕಡೆ ಮನಸ್ಸಾದರೂ ಭಾಷಾ ಶಿಕ್ಷಕಿಯ ಬಾಗಿಲು ತೆರೆದಿರುತ್ತದೆ.

ಕೊಪ್ಪದವನು, ಈಗ ಬೆಂಗಳೂರು

ಎಲ್ಲರೂ ಸಾಲದ ಭಯವನ್ನೇ ಹೇಳುತ್ತಿದ್ದೀರಿ. ಇನ್ನೊಂದು ಕಡೆಯನ್ನೂ ಯಾರಾದರೂ ಹೇಳಬೇಕಲ್ವಾ?

ನಾನು ಇಂಥದ್ದೇ ಒಂದು ಖಾಸಗಿ ಕೋರ್ಸ್ ಓದಿದವನು. ಸಾಲ ಮಾಡಿಯೇ ಓದಿದೆ, ತೀರಿಸಿದೆ. ಈಗ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಬರೆಯುವ ಕೆಲಸ. ಆ್ಯಪಿನಲ್ಲಿ ನೀವು ಗುಂಡಿ ಒತ್ತಿದಾಗ ಬರುವ ಸಾಲು, ದುಡ್ಡು ಕಳಿಸಿದ್ದು ವಿಫಲವಾದಾಗ ಬರುವ ಸಂದೇಶ, ಇದನ್ನೆಲ್ಲ ಯಾರೋ ಕೂತು ಬರೆಯುತ್ತಾರೆ. ಉದಾಹರಣೆಗೆ ಪಾವತಿ ವಿಫಲವಾದಾಗ ಗ್ರಾಹಕರಿಗೆ ಮೊದಲು ಬೇಕಾದ ಮಾಹಿತಿ ಒಂದೇ: ದುಡ್ಡು ಕಡಿತ ಆಯಿತಾ, ಇಲ್ಲವಾ? ಕಾರಣ, ಕ್ಷಮೆ ಎಲ್ಲ ಆಮೇಲೆ. ಅದನ್ನು ಎರಡು ಸಾಲಿನಲ್ಲಿ, ಸಣ್ಣ ಫೋನಿನ ಪರದೆಗೆ ಹಿಡಿಸುವ ಹಾಗೆ, ಓದು ಕಡಿಮೆ ಇರುವವರಿಗೂ ಅರ್ಥವಾಗುವ ಹಾಗೆ ಬರೆಯಬೇಕು. ಅದೇ ನನ್ನ ಕಸುಬು. ಸಂಬಳ ಚೆನ್ನಾಗಿಯೇ ಇದೆ.

ಈ ಕೆಲಸ ಇದೆ ಅಂತ ಕೊಪ್ಪದಲ್ಲಿ ಕೂತಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಕಾಲೇಜಿನಲ್ಲಿ ಇಂಟರ್ನ್‌ಶಿಪ್ ಕಡ್ಡಾಯವಿತ್ತು. ಎರಡನೇ ವರ್ಷದ ಇಂಟರ್ನ್‌ಶಿಪ್ಪಿನಿಂದಲೇ ಮೊದಲ ಕೆಲಸ ಸಿಕ್ಕಿತು. ನಾನು ದುಡ್ಡು ಕೊಟ್ಟಿದ್ದು ಆ ಪರಿಚಯಕ್ಕೆ. ಪಾಠವನ್ನು ಎಲ್ಲಾದರೂ ಕಲಿಯಬಹುದು.

ಅಮ್ಮ, ಆ ಕಾಲೇಜಿಗೆ ಫೋನ್ ಮಾಡಿ ಒಂದೇ ವಿಷಯ ಕೇಳಿ. ಕಳೆದ ವರ್ಷ ಈ ಕೋರ್ಸ್ ಮುಗಿಸಿದವರಲ್ಲಿ ಎಷ್ಟು ಜನ ಎಲ್ಲೆಲ್ಲಿ ಇಂಟರ್ನ್‌ಶಿಪ್ ಮಾಡಿದರು, ಅದರಲ್ಲಿ ಎಷ್ಟು ಜನರಿಗೆ ದುಡ್ಡು ಸಿಕ್ಕಿತು? ಇಡೀ ವಿಶ್ವವಿದ್ಯಾಲಯದ ಪ್ಲೇಸ್‌ಮೆಂಟ್ ಅಂಕಿ ಬೇಡ, ಅದರಲ್ಲಿ ಎಂಜಿನಿಯರಿಂಗ್ ಹುಡುಗರೂ ಸೇರಿರುತ್ತಾರೆ. ಬರೀ ಈ ಕೋರ್ಸಿನದ್ದು ಕೇಳಿ. ಲಿಖಿತವಾಗಿ ಕೊಟ್ಟರೆ ನಂಬಿ.

ಬ್ಯಾಂಕ್ ಕೌಂಟರ್, ಹಾಸನ

ಕೊಪ್ಪದ ತಮ್ಮಾ, ಒಳ್ಳೆ ಮಾತು. ಒಂದು ಕೇಳುತ್ತೇನೆ. ನಿಮ್ಮ ತರಗತಿಯ ಉಳಿದವರೂ ಇದೇ ಥರ ತೀರಿಸಿದರಾ?

ಕೊಪ್ಪದವನು, ಈಗ ಬೆಂಗಳೂರು

ಇಲ್ಲ ಸರ್. ಕೆಲವರು ಎಂಬಿಎಗೆ ಹೋದರು, ಕೆಲವರು ಟಿವಿ ವಾಹಿನಿ ಸೇರಿ, ಆಮೇಲೆ ಕೆಲಸ ಬಿಟ್ಟರು. ಇಬ್ಬರು ಮೂವರು ನನ್ನ ಹಾಗೆ ನೆಲೆ ನಿಂತಿದ್ದಾರೆ. ನಮ್ಮಲ್ಲಿ ಮನೆಯವರ ದುಡ್ಡಿನಲ್ಲಿ ಓದಿದವರಿಗೆ ಒಂದು ಅನುಕೂಲ ಇತ್ತು, ಅದನ್ನು ಹೇಳಲೇಬೇಕು. ಅವರು ಸಂಬಳ ಕಡಿಮೆ ಇರುವ ಒಳ್ಳೆ ಪತ್ರಿಕೆಗೂ ಸೇರಬಹುದಿತ್ತು. ಕಂತು ಇದ್ದವರು ಸಿಕ್ಕ ಕೆಲಸಕ್ಕೆ ಸೇರಬೇಕಾಯಿತು. ನಾನು ಕಥೆ ಬರೆಯದೆ ತುಂಬಾ ದಿನ ಆಯಿತು.

ಅರಸೀಕೆರೆ ವರದಿಗಾರ

ಪತ್ರಿಕೋದ್ಯಮ ಅಂತ ಕೇಳಿದ್ದೀರಿ, ಜಿಲ್ಲೆಯ ಮಟ್ಟದ ವಿಷಯ ನಾನು ಹೇಳುತ್ತೇನೆ. ತಾಲ್ಲೂಕು ವರದಿಗಾರನಿಗೆ ಸಂಬಳ ಅಂತ ಸಿಗುವುದು ಪೆಟ್ರೋಲಿಗೆ ಸರಿ ಹೋಗುತ್ತದೆ. ಉಳಿದಿದ್ದು ಜಾಹೀರಾತಿನ ಕಮಿಷನ್. ಗೌರಿ ಗಣೇಶ, ರಾಜ್ಯೋತ್ಸವ, ಶಾಸಕರ ಹುಟ್ಟುಹಬ್ಬ, ಈ ಮೂರು ಸಲ ಊರೆಲ್ಲ ಓಡಾಡಿ ಶುಭಾಶಯ ಜಾಹೀರಾತು ಕೂಡಿಸಬೇಕು. ಯಾರ ಹತ್ತಿರ ಜಾಹೀರಾತು ತಂದೆವೋ ಅವರ ವಿರುದ್ಧ ಸುದ್ದಿ ಬರೆಯುವುದು ಕಷ್ಟ. ನನಗೆ ಈ ವೃತ್ತಿಯ ಮೇಲೆ ತುಂಬಾ ಗೌರವ ಇದೆ. ಆದರೆ ಪದವಿ ಇದ್ದರೂ ಇಲ್ಲದಿದ್ದರೂ ಇಲ್ಲಿ ಸಿಗುವುದು ಒಂದೇ.

ಪದವಿ ನಿಜವಾಗಿ ಲೆಕ್ಕಕ್ಕೆ ಬರುವುದು ರಾಜ್ಯಮಟ್ಟದ ಪತ್ರಿಕೆಯ ಡೆಸ್ಕಿಗೆ, ವಾರ್ತಾ ಇಲಾಖೆಯ ಹುದ್ದೆಗೆ. ಎರಡೂ ಕಡೆ ಸೀಟು ಕಡಿಮೆ. ಆಕಾಶವಾಣಿ ಹಾಸನದಂಥ ಕಡೆ ಅರೆಕಾಲಿಕ ಅವಕಾಶ ಇರುತ್ತದೆ. ಧ್ವನಿ, ಬರವಣಿಗೆ ಎರಡೂ ಇದ್ದರೆ ಓದುವಾಗಲೇ ಪ್ರಯತ್ನಿಸಬಹುದು. ದುಡ್ಡು ಸ್ವಲ್ಪವೇ, ಆದರೆ ಕಿವಿಗೆ ಬರೆಯುವುದನ್ನು ಕಲಿಸುತ್ತದೆ.

ಮೂಡಿಗೆರೆ ಅನುವಾದಕ

ಮಗಳಿಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಲು ಬರುತ್ತದೆ ಅಂದಿರಿ. ಈ ಚರ್ಚೆಯಲ್ಲಿ ನನಗೆ ಎಲ್ಲಕ್ಕಿಂತ ಬೆಲೆಬಾಳುವ ಮಾತು ಅದೇ ಅನ್ನಿಸಿತು. ಅದಕ್ಕೆ ಸಾಲ ಬೇಕಿಲ್ಲ.

ನಾನು ಮನೆಯಲ್ಲೇ ಕೂತು ಅನುವಾದ ಮಾಡುತ್ತೇನೆ. ಸರ್ಕಾರಿ ಕೈಪಿಡಿ, ಔಷಧ ಕಂಪನಿಯ ಒಪ್ಪಿಗೆ ಪತ್ರ, ಬ್ಯಾಂಕಿನ ಷರತ್ತು, ವೆಬ್ ಸರಣಿಯ ಉಪಶೀರ್ಷಿಕೆ. ದರ ಪದಕ್ಕೆ ಇಷ್ಟು ಅಂತ ಇರುತ್ತದೆ. ನನಗೆ ಒಳ್ಳೆ ಕಾಲದಲ್ಲಿ ಪದಕ್ಕೆ ಒಂದೂವರೆ ರೂಪಾಯಿ ಸಿಗುತ್ತಿತ್ತು. ಈಗ ಯಂತ್ರ ಮೊದಲು ಅನುವಾದಿಸುತ್ತದೆ, ನಮಗೆ ತಿದ್ದಲು ಕೊಡುತ್ತಾರೆ, ದರ ಅರ್ಧಕ್ಕಿಂತ ಕಮ್ಮಿ. ಹಾಗಂತ ಕೆಲಸ ಅರ್ಧ ಅಲ್ಲ. ಮೊನ್ನೆ ಒಂದು ಔಷಧ ಪರೀಕ್ಷೆಯ ಒಪ್ಪಿಗೆ ಪತ್ರ ಬಂತು. ವಾಕ್ಯ ಎಲ್ಲ ನಯವಾಗಿತ್ತು. ಆದರೆ "ಯಾವಾಗ ಬೇಕಾದರೂ ಹಿಂದೆ ಸರಿಯಬಹುದು" ಅನ್ನುವಲ್ಲಿ ಯಾರು ಹಿಂದೆ ಸರಿಯಬಹುದು ಅನ್ನುವುದೇ ಬಿಟ್ಟುಹೋಗಿತ್ತು. ರೋಗಿಯೋ, ವೈದ್ಯರೋ? ಸಹಿ ಹಾಕುವ ರೋಗಿಗೆ ಅದು ಜೀವದ ಪ್ರಶ್ನೆ. ಇಂಥದ್ದನ್ನು ಹಿಡಿಯುವ ಕಣ್ಣು ಇರುವವರಿಗೆ ಕೆಲಸ ಇದ್ದೇ ಇರುತ್ತದೆ. ಸುಮ್ನೆ ಪದಕ್ಕೆ ಪದ ಇಡುವವರಿಗೆ ಇನ್ನು ಕಷ್ಟ.

ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯ ಇಗ್ನೋದಲ್ಲಿ ಅನುವಾದದ ಸ್ನಾತಕೋತ್ತರ ಡಿಪ್ಲೊಮಾ ಇದೆ. ಇಂಗ್ಲಿಷಿನಲ್ಲಿ ಸೃಜನಶೀಲ ಬರವಣಿಗೆಯ ಡಿಪ್ಲೊಮಾ ಕೂಡ ಇದೆ. ಎರಡನ್ನೂ ದೂರಶಿಕ್ಷಣದಲ್ಲಿ, ಆ ಖಾಸಗಿ ಕೋರ್ಸಿನ ಒಂದು ಸಣ್ಣ ಪಾಲು ದುಡ್ಡಿನಲ್ಲಿ ಮಾಡಬಹುದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದಲ್ಲಿ ರಾಷ್ಟ್ರೀಯ ಅನುವಾದ ಮಿಷನ್ ಇದೆ, ಅವರ ತರಬೇತಿಗಳ ಮೇಲೆ ಕಣ್ಣಿಡಿ. ಬೆಂಗಳೂರಿನಲ್ಲಿ ಅನುವಾದದ ಕೆಲಸ ನೋಡುವ ಕುವೆಂಪು ಭಾಷಾ ಭಾರತಿ ಪ್ರಾಧಿಕಾರ ಇದೆ.

ಬೇಲೂರು ಓದುಗ

ನಮ್ಮ ಜಿಲ್ಲೆಯಲ್ಲಿ ಕೂತು ಈ ಚರ್ಚೆ ಮಾಡುವಾಗ ಬಾನು ಮುಷ್ತಾಕ್ ಅವರನ್ನು ನೆನೆಯದೆ ಇರುವುದು ಹೇಗೆ? 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದಾಗ ಇಡೀ ಹಾಸನ ಸಂಭ್ರಮಿಸಿತು. ಬಹುಮಾನ 50,000 ಪೌಂಡ್. ಅದರಲ್ಲಿ ಅರ್ಧ ಅನುವಾದಕಿ ದೀಪಾ ಭಾಸ್ತಿ ಅವರದ್ದು. ಅಂದರೆ ಲೇಖಕಿಯ ಪಾಲು ಅಂದಿನ ಲೆಕ್ಕದಲ್ಲಿ 28 ಲಕ್ಷದ ಆಸುಪಾಸು. ಆ ಕಥೆಗಳು ಮೂವತ್ತಕ್ಕೂ ಜಾಸ್ತಿ ವರ್ಷಗಳಲ್ಲಿ ಬರೆದವು. ಅಷ್ಟು ವರ್ಷ ಅವರ ಮನೆ ನಡೆಸಿದ್ದು ಬಹುಮಾನ ಅಲ್ಲ. ಅವರು ಪತ್ರಿಕೆಗೆ ವರದಿ ಮಾಡಿದರು, ವಕೀಲರಾದರು.

ಎಸ್.ಎಲ್. ಭೈರಪ್ಪ ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರು. ಕಾದಂಬರಿ ಅಷ್ಟು ಮಾರಾಟವಾದರೂ ಅವರು ಕೆಲಸದಲ್ಲಿದ್ದಿದ್ದು ತತ್ತ್ವಶಾಸ್ತ್ರದ ಮೇಷ್ಟರಾಗಿ. ತೇಜಸ್ವಿ ಮೈಸೂರಿನಲ್ಲಿ ಕನ್ನಡ ಎಂಎ ಮಾಡಿ, ಮೇಷ್ಟರ ಕೆಲಸಕ್ಕೆ ಹೋಗದೆ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡಿದರು. ಪುಸ್ತಕವನ್ನೂ ತಾವೇ ಪ್ರಕಟಿಸಿದರು.

ಇವರ್ಯಾರೂ ಬರವಣಿಗೆ ಪದವಿಯಿಂದ ಬರಹಗಾರರಾದವರಲ್ಲ. ಹಾಗಂತ ಓದು ಬೇಡ ಅನ್ನುತ್ತಿಲ್ಲ. ಎಲ್ಲರೂ ಚೆನ್ನಾಗಿ ಓದಿದವರೇ. ಅನ್ನ ಎಲ್ಲಿಂದ ಬರುತ್ತದೆ ಅನ್ನುವುದನ್ನು ಬೇರೆ ಕಡೆ ಗಟ್ಟಿ ಮಾಡಿಕೊಂಡರು, ಅಷ್ಟೇ. ಪುಸ್ತಕದ ಲೆಕ್ಕ ನೋಡಿ: 200 ರೂಪಾಯಿಯ ಪುಸ್ತಕ, 1,000 ಪ್ರತಿ, 10% ಗೌರವಧನ. ಎಲ್ಲ ಪ್ರತಿ ಖರ್ಚಾದರೆ 20 ಸಾವಿರ. ಬ್ಯಾಂಕಿನವರು ಹೇಳಿದ ಕಂತಿನಲ್ಲಿ ಎರಡು ತಿಂಗಳಿಗೂ ಸಾಲದು.

ಒಂದು ಒಳ್ಳೆ ಸುದ್ದಿಯೂ ಇದೆ. ಪಿಎಂ ಯುವ ಅಂತ ನ್ಯಾಷನಲ್ ಬುಕ್ ಟ್ರಸ್ಟಿನ ಯೋಜನೆ 2021ರಲ್ಲಿ ಶುರುವಾಯಿತು. 30 ವರ್ಷದೊಳಗಿನ ಬರಹಗಾರರಿಗೆ. ಆಯ್ಕೆಯಾದವರಿಗೆ ತಿಂಗಳಿಗೆ 50 ಸಾವಿರದಂತೆ ಆರು ತಿಂಗಳು, ಒಟ್ಟು 3 ಲಕ್ಷ. ಪುಸ್ತಕವಾದರೆ 10% ಗೌರವಧನ. ಕನ್ನಡದಲ್ಲೂ ಬರೆಯಬಹುದು. ಅವರು ಕೇಳುವುದು ಪುಸ್ತಕದ ಪ್ರಸ್ತಾವ, ಬರವಣಿಗೆ ಪದವಿ ಅಲ್ಲ. ಹೊಸ ಸುತ್ತು ಕರೆದಾಗ ಮಗಳು ಅರ್ಜಿ ಹಾಕಲಿ.

ಸಕಲೇಶಪುರದ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಯಜಮಾನರಿಗೆ ಓದಿ ಹೇಳಿದೆ, 12,950 ಅನ್ನುವುದು ಕೇಳಿ ಸುಮ್ಮನೆ ಕೂತರು. ಮಗಳೂ ಓದಿದ್ದಾಳೆ. ಅವಳ ಪ್ರಶ್ನೆ: ಮುಂದೆ ಅಮೆರಿಕದಲ್ಲಿ ಎಂಎಫ್‌ಎ ಅಂತ ಬರವಣಿಗೆಯದ್ದೇ ಸ್ನಾತಕೋತ್ತರ ಪದವಿ ಇದೆಯಂತೆ. ಅದಕ್ಕೆ ಹೋಗಬೇಕಾದರೆ ಬಿಎ ಖಾಸಗಿ ಕಾಲೇಜಿನಲ್ಲೇ ಆಗಬೇಕಾ?

ಚಿಕ್ಕಮಗಳೂರಿನವ, ಆಸ್ಟಿನ್

ಬೇಡ ಅಮ್ಮ. ನಾನು ಬಸವನಹಳ್ಳಿಯವನು, ಈಗ ಟೆಕ್ಸಾಸಿನಲ್ಲಿದ್ದೇನೆ. ಎಂಎಫ್‌ಎ ಆಯ್ಕೆಯಲ್ಲಿ ಎಲ್ಲಕ್ಕಿಂತ ಮುಖ್ಯ ನೀವು ಕಳಿಸುವ ಕಥೆ, ಇಪ್ಪತ್ತು ಮೂವತ್ತು ಪುಟ. ಕಾಲೇಜಿನ ಹೆಸರು ಅದರ ಮುಂದೆ ನಿಲ್ಲುವುದಿಲ್ಲ.

ಇಲ್ಲಿ ಈ ಪದವಿಯದ್ದು ಹಳೆ ಸಂಪ್ರದಾಯ. ಅಯೋವಾ ವಿಶ್ವವಿದ್ಯಾಲಯದಲ್ಲಿ 1936ರಲ್ಲಿ ಶುರುವಾಯಿತು. ಎರಡು ಬಗೆ ಇವೆ. ಒಂದರಲ್ಲಿ ಶುಲ್ಕ ಮನ್ನಾ ಮಾಡಿ, ಮೇಲೆ ತಿಂಗಳ ಭತ್ಯೆಯನ್ನೂ ಕೊಡುತ್ತಾರೆ. ಹೆಚ್ಚಿನ ಕಡೆ ಅದಕ್ಕೆ ಪ್ರತಿಯಾಗಿ ಕಿರಿಯರಿಗೆ ಪಾಠ ಮಾಡಬೇಕು. ನಮ್ಮ ಊರಿನ ವಿಶ್ವವಿದ್ಯಾಲಯದ ಮಿಚೆನರ್ ಸೆಂಟರ್ ಪೂರ್ತಿ ಖರ್ಚು ನೋಡಿಕೊಳ್ಳುತ್ತದೆ. ಸೀಟು ಬೆರಳೆಣಿಕೆ. ಇನ್ನೊಂದು ಬಗೆಯಲ್ಲಿ ಎಲ್ಲ ಶುಲ್ಕ ನೀವೇ ಕಟ್ಟಬೇಕು, ನಮ್ಮ ದುಡ್ಡಿನಲ್ಲಿ ಹತ್ತಾರು ಲಕ್ಷ.

ನನ್ನ ಮಾತು ಒಂದೇ: ಅವರು ದುಡ್ಡು ಕೊಟ್ಟು ಕರೆದರೆ ಮಾತ್ರ ಬರಲಿ. ಕಾರಣ ವೀಸಾ. ಇಲ್ಲಿ ಓದು ಮುಗಿದ ಮೇಲೆ ಕೆಲಸ ಮಾಡಲು ಓಪಿಟಿ ಅಂತ 12 ತಿಂಗಳು ಕೊಡುತ್ತಾರೆ. ಎಂಜಿನಿಯರಿಂಗ್, ವಿಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು ಸೇರುತ್ತದೆ. ಬರವಣಿಗೆ ಓದಿದವರಿಗೆ ಅದು ಇಲ್ಲ. ಒಂದು ವರ್ಷದಲ್ಲಿ ಡಾಲರ್ ದುಡಿದು ಸಾಲ ತೀರಿಸುವುದು ಆಗದ ಮಾತು.

ಇಲ್ಲಿಯವರಿಗೆ ಒಂದು ಅನುಕೂಲ ಇದೆ, ನಮ್ಮಲ್ಲೂ ಬರಬೇಕು ಅಂತ ನನ್ನ ಆಸೆ. ಕಾಲೇಜ್ ಸ್ಕೋರ್‌ಕಾರ್ಡ್ ಅಂತ ಸರ್ಕಾರದ್ದೇ ತಾಣ. ಯಾವ ಕಾಲೇಜಿನಲ್ಲಿ ಯಾವ ವಿಷಯ ಓದಿದವರು ಎಷ್ಟು ದುಡಿಯುತ್ತಿದ್ದಾರೆ, ಎಷ್ಟು ಸಾಲ ಇದೆ ಅಂತ ತಂದೆತಾಯಿ ಮನೆಯಲ್ಲೇ ಕೂತು ನೋಡಬಹುದು. 2025ರಲ್ಲಿ ಇನ್ನೊಂದು ಕಾನೂನು ಬಂತು. ಪದವಿ ಓದಿದವರ ದುಡಿಮೆ ಬರೀ ಹೈಸ್ಕೂಲ್ ಮುಗಿಸಿದವರಿಗಿಂತ ಕಡಿಮೆಯೇ ಇದ್ದರೆ ಅಂಥ ಕೋರ್ಸಿಗೆ ಕೇಂದ್ರ ಸರ್ಕಾರದ ಸಾಲ ನಿಲ್ಲಿಸುತ್ತಾರೆ.

ಅಂದಹಾಗೆ, 1908ರಲ್ಲಿ ಹಾಸನದಲ್ಲಿ ಹುಟ್ಟಿದ ಕಾದಂಬರಿಕಾರ ರಾಜಾ ರಾವ್ ಇದೇ ಆಸ್ಟಿನ್ನಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದವರು. ಅವರು ಹೇಳಿಕೊಟ್ಟಿದ್ದೂ ತತ್ತ್ವಶಾಸ್ತ್ರವೇ. ಬೇಲೂರಿನ ಸರ್ ಅವರ ಪಟ್ಟಿಗೆ ಇವರನ್ನೂ ಸೇರಿಸಿಕೊಳ್ಳಿ.

ಎರಡನೇ ವರ್ಷ ಬಿಎ, ಹಾಸನ

ಆಂಟಿ, ನಾನು ಆಲೂರಿನಿಂದ ದಿನಾ ಹಾಸನಕ್ಕೆ ಬರುತ್ತೇನೆ. 2023ರಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸಿಗೆ ದುಡ್ಡಿಲ್ಲ. ಸರ್ಕಾರಿ ಕಾಲೇಜಿನಲ್ಲಿ ಹುಡುಗಿಯರಿಗೆ ಬೋಧನಾ ಶುಲ್ಕವೂ ಇಲ್ಲ. ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಾಣ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಬೇಕು. ಹಿಂದುಳಿದ ವರ್ಗದವರು ಹಾಸ್ಟೆಲ್ ಸಿಗದೆ ಊರಿಂದ ಹೊರಗೆ ಉಳಿದರೆ ವಿದ್ಯಾಸಿರಿ ಯೋಜನೆಯಲ್ಲಿ 10 ತಿಂಗಳು ಸಹಾಯಧನ ಬರುತ್ತದೆ. ನನ್ನ ಖರ್ಚು ಪುಸ್ತಕ, ಜೆರಾಕ್ಸ್, ಮಧ್ಯಾಹ್ನದ ಊಟ ಅಷ್ಟೇ.

ಕೊರತೆಯನ್ನೂ ಹೇಳುತ್ತೇನೆ. ನಾವು ಬರೆದಿದ್ದನ್ನು ಓದಿ ತಿದ್ದುವವರು ಇಲ್ಲ. ತರಗತಿ ದೊಡ್ಡದು, ಮೇಷ್ಟ್ರಿಗೆ ಸಮಯ ಇರುವುದಿಲ್ಲ. ಪರೀಕ್ಷೆಗೆ ಉತ್ತರ ಬರೆಯುವುದನ್ನು ಕಲಿಯುತ್ತೇವೆ, ಕಥೆ ಬರೆಯುವುದನ್ನಲ್ಲ. ಖಾಸಗಿ ಕೋರ್ಸಿನಲ್ಲಿ ನಿಜವಾಗಿ ಏನಾದರೂ ಇದ್ದರೆ ಅದು ಇದೇ ಇರಬೇಕು, ವಾರಕ್ಕೊಮ್ಮೆ ಯಾರಾದರೂ ನಿಮ್ಮ ಪುಟ ಹಿಡಿದು ಕೂರುವುದು. ಅದಕ್ಕೆ ನಾವು ಐದಾರು ಜನ ಶನಿವಾರ ಲೈಬ್ರರಿಯಲ್ಲಿ ಸೇರುತ್ತೇವೆ. ಒಬ್ಬರು ಓದುವುದು, ಉಳಿದವರು ಎಲ್ಲಿ ಬೇಜಾರಾಯಿತು ಅಂತ ಹೇಳುವುದು. ನಿಮ್ಮ ಮಗಳು ಇಲ್ಲಿಗೆ ಸೇರಿದರೆ ಖಂಡಿತ ಬರಲಿ.

ಗಿರಿ ರಸ್ತೆ ಬರಹಗಾರ್ತಿ

ಊರಲ್ಲಿ ಕೂತು ಬರೆದು ದುಡಿಯುವುದು ಆಗುತ್ತದಾ ಅಂತ ಯಾರೂ ಕೇಳಲಿಲ್ಲ. ಆಗುತ್ತದೆ. ನಾನು ಚಿಕ್ಕಮಗಳೂರಿನಲ್ಲಿ ಹೋಂಸ್ಟೇಗಳಿಗೆ ಬರೆಯುತ್ತೇನೆ. ಕುವೆಂಪು ವಿಶ್ವವಿದ್ಯಾಲಯದ ಮಾಮೂಲಿ ಬಿಎ ನನ್ನದು.

ಮಾಲೀಕರು ಸಾಮಾನ್ಯವಾಗಿ "ಪ್ರಕೃತಿಯ ಮಡಿಲಲ್ಲಿ" ಅಂತ ಬರೆಸಿರುತ್ತಾರೆ. ಪಕ್ಕದ ಮನೆಯದ್ದೂ ಹಾಗೇ ಇರುತ್ತದೆ. ನಾನು ಮೊದಲು ಹೋಗಿ ಒಂದು ರಾತ್ರಿ ಉಳಿಯುತ್ತೇನೆ. ಕಾರು ಅಂಗಳದವರೆಗೆ ಬರುತ್ತದಾ, ಕೊನೆಯ ಅರ್ಧ ಕಿಲೋಮೀಟರ್ ಜೀಪೇ ಬೇಕಾ? ಯಾವ ಸಿಮ್ ಸಿಗುತ್ತದೆ? ಜುಲೈನಲ್ಲಿ ಜಿಗಣೆ ಇರುತ್ತದಾ? ಮಳೆಯಲ್ಲಿ ಕರೆಂಟು ಹೋದರೆ ಬಿಸಿನೀರಿಗೆ ಹಂಡೆ ಒಲೆ ಇದೆಯಾ? ವಯಸ್ಸಾದವರಿಗೆ ಮೆಟ್ಟಿಲು ಎಷ್ಟು? ಇದನ್ನೆಲ್ಲ ಹಾಗೇ ಬರೆಯುತ್ತೇನೆ. ಮಾಲೀಕರು ಮೊದಲು ಹೆದರುತ್ತಾರೆ, ಜಿಗಣೆ ವಿಷಯ ಬರೆದರೆ ಯಾರು ಬರುತ್ತಾರೆ ಅಂತ. ಬರುವವರು ತಿಳಿದೇ ಬರುತ್ತಾರೆ, ಹೋಗುವಾಗ ಜಗಳ ಇರುವುದಿಲ್ಲ. ಒಂದು ಮನೆಯ ಕೆಲಸ ಸರಿಯಾದರೆ ಅವರ ನೆಂಟರ ಎಸ್ಟೇಟಿನಿಂದ ಇನ್ನೊಂದು ಬರುತ್ತದೆ. ಈಗ ಕಾಫಿ ಪುಡಿ ಮಾಡುವವರಿಗೂ ಬರೆಯುತ್ತೇನೆ. ಮಳೆಗಾಲದಲ್ಲಿ ಕೆಲಸ ಕಡಿಮೆ, ಬೇಸಿಗೆ ರಜೆಗೆ ಮೊದಲು ಜಾಸ್ತಿ. ಮನೆ ಬಾಡಿಗೆ ಇಲ್ಲದ ಕಾರಣ ಬದುಕು ನಡೆಯುತ್ತದೆ. ಸಾಲದ ಕಂತು ಇದ್ದಿದ್ದರೆ ಈ ಕೆಲಸ ಕಟ್ಟಲು ಆಗುತ್ತಿರಲಿಲ್ಲ.

ಪತ್ರ ಬರಹಗಾರ, ಚನ್ನರಾಯಪಟ್ಟಣ

ಉಪನೋಂದಣಿ ಕಚೇರಿ ಹತ್ತಿರ ಕ್ರಯಪತ್ರ, ವಿಭಾಗಪತ್ರ ಬರೆಯುವುದು ನನ್ನ ಕೆಲಸ. 2023ರಲ್ಲಿ ಕಾವೇರಿ 2.0 ಬಂದಮೇಲೆ ಎಲ್ಲ ಆನ್‌ಲೈನ್. ಆದರೂ ಅಣ್ಣತಮ್ಮಂದಿರ ಭಾಗವನ್ನು ಜಗಳ ಬರದ ಹಾಗೆ ಬರೆದುಕೊಡುವವರು ಬೇಕೇ ಬೇಕು. ಚೆಕ್ಕುಬಂದಿ ಒಂದು ಸಾಲು ತಪ್ಪಿದರೆ ಎರಡು ತಲೆಮಾರು ಕೋರ್ಟಿಗೆ ಅಲೆಯುತ್ತದೆ. ಇದೂ ಬರವಣಿಗೆಯೇ ತಾಯಿ. ಮಗಳು ಬಿಎ ಆದಮೇಲೆ ಕಾನೂನು ಓದುವುದನ್ನೂ ಯೋಚಿಸಲಿ.

ಸಕಲೇಶಪುರದ ಅಮ್ಮ

ಮನೆಯಲ್ಲಿ ಮೂವರೂ ಕೂತು ಮಾತಾಡಿದೆವು. ಕೊಪ್ಪದವರು ಹೇಳಿದ ಹಾಗೆ ಆ ಕಾಲೇಜಿಗೆ ಫೋನ್ ಮಾಡಿದೆ. ಇಂಟರ್ನ್‌ಶಿಪ್ ವಿವರ ಲಿಖಿತವಾಗಿ ಕೊಡಿ ಅಂದೆ. ಕ್ಯಾಂಪಸ್ಸಿಗೆ ಬನ್ನಿ, ಮಾತಾಡೋಣ ಅಂದರು. ಮುಂಗಡ ಈ ವಾರವೇ ಕಟ್ಟಬೇಕಂತೆ. ಕಟ್ಟುವುದಿಲ್ಲ.

ಹಾಸನಕ್ಕೇ ಸೇರಿಸುತ್ತಿದ್ದೇವೆ. ಮಗಳಿಗೆ ಮೊದಲು ಬೇಜಾರಾಯಿತು. ಆದರೆ ಜೆಆರ್‌ಎಫ್ ವಿಷಯ, ಯುವ ಯೋಜನೆ ವಿಷಯ ಓದಿ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಯಜಮಾನರು ಒಂದು ಮಾತು ಒಪ್ಪಿದ್ದಾರೆ. ಶುಲ್ಕಕ್ಕೆ ಹೋಗುತ್ತಿದ್ದ ದುಡ್ಡಲ್ಲಿ ವರ್ಷಕ್ಕೆ 30 ಸಾವಿರ ಅವಳ ಹೆಸರಿಗೆ. ಲ್ಯಾಪ್‌ಟಾಪ್, ಪುಸ್ತಕ, ಇಗ್ನೋ ಡಿಪ್ಲೊಮಾ, ಬೆಂಗಳೂರಿನಲ್ಲಿ ರಜೆಯಲ್ಲಿ ಇಂಟರ್ನ್‌ಶಿಪ್ ಸಿಕ್ಕರೆ ಅಲ್ಲಿನ ಪಿಜಿ, ಎಲ್ಲ ಅದರಲ್ಲೇ. ಲೆಕ್ಕ ಅವಳೇ ಬರೆಯಬೇಕು.

ಅರ್ಜಿಯನ್ನು ಪದವಿ ಪ್ರವೇಶದ ಸರ್ಕಾರಿ ಪೋರ್ಟಲ್ ಯುಯುಸಿಎಂಎಸ್‌ನಲ್ಲಿ ಹಾಕಬೇಕು ಅಂದರು. ಏನೇನು ಬೇಕು? ಸೈಬರ್ ಸೆಂಟರಿಗೆ ಎರಡೆರಡು ಸಲ ಓಡಾಡುವುದು ಬೇಡ ಅಂತ ಕೇಳುತ್ತಿದ್ದೇನೆ.

ಹೇಮಗಂಗೋತ್ರಿ ಹಳೆಯ ವಿದ್ಯಾರ್ಥಿನಿ

ಎಸ್ಸೆಸ್ಸೆಲ್ಸಿ, ಪಿಯುಸಿ ಅಂಕಪಟ್ಟಿ, ವರ್ಗಾವಣೆ ಪತ್ರ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಫೋಟೋ, ಸಹಿ ಎಲ್ಲ ಸ್ಕ್ಯಾನ್ ಮಾಡಿಸಿ ಇಟ್ಟುಕೊಳ್ಳಿ ಅಕ್ಕ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಇವತ್ತೇ ನಾಡಕಚೇರಿಯಲ್ಲಿ ಹೊಸದಕ್ಕೆ ಅರ್ಜಿ ಕೊಡಿ, ಸ್ಕಾಲರ್‌ಶಿಪ್ಪಿಗೂ ಅದೇ ಬೇಕು. ಆಧಾರ್‌ನಲ್ಲಿರುವ ಹೆಸರು ಅಂಕಪಟ್ಟಿಯಲ್ಲಿರುವ ಹಾಗೇ ಇದೆಯಾ ಅಂತ ಅಕ್ಷರ ಅಕ್ಷರ ನೋಡಿ. ಮೊಬೈಲ್ ನಂಬರ್ ಸೈಬರಿನವರದ್ದು ಹಾಕಿಸಬೇಡಿ, ನಿಮ್ಮದೇ ಇರಲಿ, ಮೂರು ವರ್ಷವೂ ಒಟಿಪಿ ಅದಕ್ಕೇ ಬರುತ್ತದೆ. ವಿಷಯ ಆರಿಸುವಾಗ ಗೊಂದಲವಾದರೆ ಇಲ್ಲೇ ಬರೆಯಿರಿ, ಸಂಜೆ ಆರರ ಮೇಲೆ ನಾನು ನೋಡುತ್ತಿರುತ್ತೇನೆ.